ಆ ಹುಡುಗಿ ಒಪ್ಪ ಅಂದದ್ದು

ಕೊಟ್ಟೂರು
9 ಜೂನ್ 2024

ಭೀಮಣ್ಣ,

ನಾನು ಬದುಕಿದ್ದೇನೆ, ರೊಟ್ಟಿ ಬಡಿಯುತ್ತಿದ್ದೇನೆ. ನೀನೂ ಅಲ್ಲಿ ಸಾರು ಕಾಸುತ್ತಿರಬೇಕು ಅಂದುಕೊಂಡು ಬರೆಯುತ್ತಿದ್ದೇನೆ.

ಹಗರಿಬೊಮ್ಮನಹಳ್ಳಿಯ ಶಾಲೆಯ ಅಡುಗೆಮನೆ ನಮ್ಮಿಬ್ಬರನ್ನೂ ಬಿಟ್ಟು ಎರಡು ತಿಂಗಳಾಯಿತು. ಹನ್ನೊಂದು ವರ್ಷ ಒಂದೇ ಒಲೆಯ ಎರಡು ಬದಿಗೆ ನಿಂತವರು ನಾವು. ಗುತ್ತಿಗೆಯವರು ಬದಲಾದರು ಅಂತ ಬಾಗಿಲಿಗೆ ಒಂದು ಕಾಗದ ಅಂಟಿಸಿದರು, ಅಷ್ಟೇ. ನಿನಗೆ ಹರಪನಹಳ್ಳಿಯ ಹಾಸ್ಟೆಲ್ಲು ಸಿಕ್ಕಿತು, ನನಗೆ ನಮ್ಮಣ್ಣ ಗುರುಬಸವರಾಜನ ಖಾನಾವಳಿ. ಸಿಕ್ಕಿತು ಅನ್ನುವುದೇನು, ಗಂಡ ತೀರಿಕೊಂಡ ವರ್ಷ ಬಂದು ಕೂತಿದ್ದ ಮೂಲೆಗೇ ತಿರುಗಿ ಬಂದು ಕೂತೆ. ಹಂಚು ಕೂಡ ಅದೇ.

ನಿನ್ನ ಅಕ್ಕನ ಮಗಳು ಕ್ರಾಂತಿ, ನಾವು ಹೊರಡುವ ದಿನ ನಮ್ಮಿಬ್ಬರಿಗೂ ಕೊಟ್ಟಳಲ್ಲ ಕೊರಿಯಾ ದೇಶದ ಧಾರಾವಾಹಿ, ನಿನಗೆ ಫೋನಿನಲ್ಲಿ, ನನಗೆ ಪೆನ್‌ಡ್ರೈವಿನಲ್ಲಿ. "ಅಡಿಗಿಮನಿ ಬಿಟ್ಟು ಹೊಂಟೀರಿ, ಇದರಾಗ ಇನ್ನೊಂದು ಅಡಿಗಿಮನಿ ಐತಿ, ನೋಡ್ಕಂತ ಇರ್ರಿ" ಅಂದಿದ್ದಳು. ಅದನ್ನು ಖಾನಾವಳಿಯ ಟಿ.ವಿ.ಗೆ ಚುಚ್ಚಿಸಿಕೊಂಡೆ. ಮಧ್ಯಾಹ್ನದ ಊಟದವರು ಎದ್ದು ಹೋದ ಮೇಲೆ ಒಂದು ತಾಸು ಪುರುಸೊತ್ತು ಇರುತ್ತದೆ, ಆಗ ನೋಡುತ್ತೇನೆ. ಎರಡು ಕಂತು ಆಯಿತು. ಹಳೆಯದು ಇರಬೇಕು, ಎಲ್ಲರ ಕೈಯಲ್ಲೂ ಮಡಚುವ ಫೋನು. ರೈಲು ನಿಲ್ದಾಣದ ಪಕ್ಕ ಒಂದು ಹೋಟೆಲ್ಲು. ಒಂದು ಈರುಳ್ಳಿ ಹೆಚ್ಚಲು ನಾಲ್ಕು ಜನ ನಿಂತಿದ್ದಾರೆ. ಎಲ್ಲರದ್ದೂ ಬಿಳಿ ಅಂಗಿ, ಅದರ ಮೇಲೆ ಒಂದು ಕಲೆ ಇಲ್ಲ. ಇವರು ಅಡುಗೆ ಮಾಡುವವರೋ ಡಾಕ್ಟರರೋ ಅಂತ ಮೊದಲು ತಿಳಿಯಲೇ ಇಲ್ಲ. ಮೇಸ್ತ್ರಿ ಅಡುಗೆಯವನು ಎಲ್ಲರ ಮೇಲೂ ಹರಿಹಾಯುತ್ತಾನೆ. ನಾನು ಅವನಿಗೆ ಸಿಡುಕಪ್ಪ ಅಂತ ಹೆಸರಿಟ್ಟಿದ್ದೇನೆ. ಪಾತ್ರೆ ತೊಳೆಯಲು ಸೇರಿದ ಒಬ್ಬ ಹುಡುಗಿ ಅವನಿಂದ ಬೈಸಿಕೊಂಡು ಬೈಸಿಕೊಂಡು ನಗುತ್ತಾಳೆ. ಅವಳಿಗೆ ಹೆಸರಿನ್ನೂ ಇಟ್ಟಿಲ್ಲ.

ಕೆಳಗೆ ಇಂಗ್ಲಿಷಿನ ಅಕ್ಷರ ಓಡುತ್ತವೆ, ನನಗೆ ಅವು ಇರುವೆಯ ಸಾಲು. ನೀನು ಓದುತ್ತೀಯ, ಆದರೆ ನಿನ್ನ ಎಡಗಿವಿ ಸತ್ತಿದೆ, ಬಲಗಿವಿ ಎದುರಿಗೆ ನಿಂತವರದ್ದಷ್ಟೇ ಕೇಳುತ್ತದೆ. ಅದಕ್ಕೆ ಹೀಗೆ ಮಾಡೋಣ. ಏನು ಮಾತಾಡಿದರು ಅಂತ ನೀನು ಬರಿ. ಹೇಗೆ ಮಾತಾಡಿದರು ಅಂತ ನಾನು ಬರೆಯುತ್ತೇನೆ. ಇಬ್ಬರೂ ಸೇರಿದರೆ ಒಂದು ಧಾರಾವಾಹಿ ನೋಡಿದ ಹಾಗಾಗುತ್ತದೆ. ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಲು ಆಗುವುದಿಲ್ಲ, ನನ್ನ ಗುಂಡಿಯ ಫೋನಿನಲ್ಲಿ ಕನ್ನಡ ಬರೆಯಲು ಬರುವುದಿಲ್ಲ. ಪತ್ರವೇ ಸೈ.

ಕವರಿನ ಮೇಲೆ ಕಳಿಸಿದವರ ಹೆಸರು ಕ್ರಾಂತಿ ಅಂತ ಬರಿ. ಇಲ್ಲಿ ಅತ್ತಿಗೆ ಕೋಮಲಾ ಟಪಾಲು ತೆಗೆದುಕೊಳ್ಳುತ್ತಾಳೆ. ಸುಮ್ಮನೆ ಪ್ರಶ್ನೆ ಬೇಡ ಅಂತ ಅಷ್ಟೇ.

ಗಂಗಾಂಬಿಕಾ


ಹರಪನಹಳ್ಳಿ
20 ಜೂನ್ 2024

ಗಂಗಕ್ಕ,

ನಿಮ್ಮ ಪತ್ರಕ್ಕೆ ಇಲ್ಲಿಗೆ ಬರಲು ಮೂರು ದಿನ ಬೇಕಾಯಿತು. ನೀವೇ ಬಸ್ಸು ಹತ್ತಿದ್ದರೆ ಒಂದೂವರೆ ತಾಸು.

ಇಲ್ಲಿ ನೂರಾಹತ್ತು ಹುಡುಗರು. ವಾರ್ಡನ್ ಚಿಗಟೇರಿಯವರು, ಒಳ್ಳೆಯವರು, ಆದರೆ ಬಹಳ ಮೆತ್ತಗೆ ಮಾತಾಡುತ್ತಾರೆ. ನಾನು ಎಲ್ಲದಕ್ಕೂ ಹ್ಞೂಂ ಅನ್ನುತ್ತೇನೆ. ಒಂದು ದಿನ ಅವರು ಉಪ್ಪಿಟ್ಟು ಬೇಡ ಅಂದಿದ್ದಕ್ಕೂ ಹ್ಞೂಂ ಅಂದು ಉಪ್ಪಿಟ್ಟೇ ಮಾಡಿದ್ದೆ. ತಿಂದರು ಪಾಪ.

ನೀವು ಕೇಳಿದ್ದು ಬರೆಯುತ್ತೇನೆ. ಸಿಡುಕಪ್ಪನ ಗುರು ಇವನನ್ನು ಬಿಟ್ಟು ಇನ್ನೊಬ್ಬ ಶಿಷ್ಯನಿಗೆ ದೊಡ್ಡ ಹೋಟೆಲ್ಲು ವಹಿಸಿದ್ದಾನೆ. ಆ ಸಿಟ್ಟನ್ನು ಎಲ್ಲರ ಮೇಲೆ ತೀರಿಸುತ್ತಿದ್ದಾನೆ. ಬೇರೆ ಕಾರಣ ಇಲ್ಲ. ಹುಡುಗಿಗೆ ಅಡುಗೆ ಕಲಿಯುವ ಆಸೆ. ಮೂಗು ಚುರುಕು. ಸಾರಿನಲ್ಲಿ ಬೆಳ್ಳುಳ್ಳಿ ಸೀದಿದೆ ಅಂತ ದೂರದಿಂದಲೇ ಹೇಳಿದಳು, ಅದಕ್ಕೆ ಅವನು ಬೈದ. ನಾಲ್ಕನೆಯ ಕಂತಿನವರೆಗೆ ಇಷ್ಟೇ.

ನನಗೆ ಒಂದು ತಿಳಿಸಿ. ಅವರ ಅಡುಗೆಮನೆಯಲ್ಲಿ ಕುದಿಯುವ ಸದ್ದು ಕೇಳುತ್ತದೆಯೇ? ಹುಡುಗಿಯ ದನಿ ಹೇಗಿದೆ? ನನಗೆ ಅವಳ ಮುಖ ನೋಡಿದರೆ ದಪ್ಪ ದನಿ ಇರಬೇಕು ಅನ್ನಿಸುತ್ತದೆ.

ಕವರಿನ ಮೇಲೆ ನೀವು ಹೇಳಿದ ಹೆಸರನ್ನೇ ಬರೆದಿದ್ದೇನೆ.

ಭೀಮರಾಜ


ಕೊಟ್ಟೂರು
7 ಜುಲೈ 2024

ಭೀಮಣ್ಣ,

ದಪ್ಪ ದನಿಯೇ. ಶೀತವಾದವರ ಹಾಗೆ. ಆದರೆ ಅವನ ಎದುರು ಬಂದಾಗ ಅದೇ ದನಿ ಸಣ್ಣಗಾಗುತ್ತದೆ, ಗಿರಣಿಯವ ಕಲ್ಲು ಬಿಗಿ ಮಾಡಿದಾಗ ಹಿಟ್ಟು ಸಣ್ಣಗೆ ಬೀಳುವ ಹಾಗೆ. ಕುದಿಯುವ ಸದ್ದು ಚೆನ್ನಾಗಿ ಕೇಳುತ್ತದೆ. ಎಲುಬಿನ ಸಾರು ದಿನವಿಡೀ ಕುದಿಸುತ್ತಾರೆ, ಅದು ನಮ್ಮ ಬೇಳೆಯ ಹಾಗೆ ಗುಳುಗುಳು ಅನ್ನುವುದಿಲ್ಲ, ಒಂದೇ ಸಮ ಗುಂಯ್ ಅನ್ನುತ್ತದೆ. ಚಾಕುವಿನ ಸದ್ದು ಬಹಳ. ನೀನು ಸೊಪ್ಪು ಹೆಚ್ಚುವಾಗ ಬರುವಂಥದ್ದು.

ಏಳನೆಯ ಕಂತಿನಲ್ಲಿ ಒಂದು ನಡೆಯಿತು. ಸಿಡುಕಪ್ಪ ಚಮಚದಲ್ಲಿ ಸಾರು ತೆಗೆದು ತಾನು ಕುಡಿದ, ಅದೇ ಚಮಚವನ್ನು ಮತ್ತೆ ಅದ್ದಿ ಹುಡುಗಿಯ ಬಾಯಿಗೆ ಹಿಡಿದ. ಅವಳು ಕುಡಿದಳು. ನಾನು ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟೆ. ಒಲೆಯ ಮೇಲಿನ ಅಡುಗೆಗೆ ಬಾಯಿ ಹಚ್ಚಬಾರದು ಅಂತ ಬೆಳೆದವಳು ನಾನು. ಕೋಮಲಾ ಹಿಂದೆ ನಿಂತು ನೋಡುತ್ತಿದ್ದಳು. "ಎಂಜಲಾ ಮುಸುರಿ ಒಂದೂ ಇಲ್ಲೇನಾ ಇವಕ್ಕ" ಅಂದಳು. ಅವಳು ಹೋದ ಮೇಲೆ ಅದೇ ತುಣುಕನ್ನು ಇನ್ನೊಂದು ಸಲ ಹಾಕಿ ನೋಡಿದೆ.

ನಮ್ಮ ಉಪ್ಪು ನೋಡುವ ಪದ್ಧತಿ ನೆನಪಾಯಿತು. ನೀನು ಸೌಟು ಎತ್ತರಕ್ಕೆ ಹಿಡಿದು ನನ್ನ ಅಂಗೈಗೆ ಒಂದು ತೊಟ್ಟು ಬಿಡುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಆ ಸೌಟು ಒಮ್ಮೆಯೂ ನನ್ನ ಕೈಗೆ ತಾಗಲಿಲ್ಲ. ಎಂಥ ಅಚ್ಚುಕಟ್ಟು ಇವನದು ಅಂದುಕೊಳ್ಳುತ್ತಿದ್ದೆ.

ಸೋಮವಾರ ಮುಗಿದರೆ ಸಾಕು ಅನ್ನಿಸುತ್ತದೆ. ದೇವರಿಗೆ ಬಂದವರೆಲ್ಲ ನಮ್ಮಲ್ಲೇ ಉಣ್ಣುತ್ತಾರೆ. ಎಷ್ಟು ರೊಟ್ಟಿ ಬಡಿದೆ ಅಂತ ಯಾರಾದರೂ ಕೇಳಿದರೆ ಹೇಳಬಹುದಿತ್ತು. ಯಾರೂ ಕೇಳುವುದಿಲ್ಲ, ನಾನೂ ಎಣಿಸುವುದಿಲ್ಲ.

ಗಂಗಾಂಬಿಕಾ


ಹರಪನಹಳ್ಳಿ
21 ಜುಲೈ 2024

ಗಂಗಕ್ಕ,

ಅಚ್ಚುಕಟ್ಟಲ್ಲ. ನಾನು ಸೇರಿದ ಮೊದಲ ದಿನ ಹಿರಿಯ ಅಡುಗೆಯಾಕೆ ಮೈಲಮ್ಮ ನನ್ನನ್ನು ಹಿತ್ತಲಿಗೆ ಕರೆದು ನಿಮ್ಮ ವಿಷಯ ಹೇಳಿದ್ದಳು: "ಆಕಿ ಲಿಂಗವಂತರಾಕಿ. ನಿಮ್ಮ ಕೇರಿ ಯಾವುದು ಅಂತ ಆಕಿಗೆ ಗೊತ್ತೈತಿ. ಏನಾ ಕೊಟ್ಟರೂ ಮ್ಯಾಲಿಂದ ಹಾಕು." ಮೈಲಮ್ಮ ಕೆಟ್ಟವಳಲ್ಲ, ನನ್ನ ಕೆಲಸ ಉಳಿಯಲಿ ಅಂತ ಹೇಳಿದಳು. ನಾನು ಹಾಗೇ ಮಾಡಿದೆ. ಆಮೇಲೆ ಅದು ಕೈಗೆ ರೂಢಿಯಾಯಿತು. ನಿಮಗೆ ಅದು ಗೊತ್ತಿದೆ ಅಂತಲೇ ನಾನು ತಿಳಿದಿದ್ದೆ.

ಇವತ್ತು ಧಾರಾವಾಹಿಯ ವಿಷಯ ಬರೆಯುವುದಿಲ್ಲ. ಬೇರೆ ಒಂದು ವಿಷಯ ಇದೆ. ನಾಲ್ಕು ಸಲ ಬರೆದು ಹರಿದು ಹಾಕಿದ್ದೇನೆ, ಆದ್ದರಿಂದ ಗಿಡ್ಡವಾಗಿ ಬರೆಯುತ್ತೇನೆ.

ಇಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ನಾಗೇಂದ್ರಪ್ಪ ಅಂತ ನಿವೃತ್ತ ಮಾಸ್ತರರು ಇದ್ದಾರೆ. ನಮ್ಮವರೇ. ಅವರದೊಂದು ಮಳಿಗೆ ಖಾಲಿ ಇದೆ. ರೊಟ್ಟಿ ಊಟದ ಅಂಗಡಿ ಇಡು ಅನ್ನುತ್ತಿದ್ದಾರೆ. ಗಣೇಶನ ಹಬ್ಬದವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ. ಪಲ್ಯ, ಸಾರು, ಅನ್ನ ನಾನು ಮಾಡಬಲ್ಲೆ. ರೊಟ್ಟಿ ನೀವು ಬಡಿದ ಹಾಗೆ ಬಡಿಯುವವರು ನನಗೆ ಗೊತ್ತಿಲ್ಲ.

ನೀವು ಬರಬೇಕು. ಕೆಲಸಕ್ಕೆ ಅಲ್ಲ. ಇಬ್ಬರೂ ಒಂದೇ ಅಂಗಡಿಯಲ್ಲಿ ಇದ್ದರೆ ನಿಮಗೂ ನನಗೂ ಏನು ಸಂಬಂಧ ಅಂತ ಜನ ಕೇಳುತ್ತಾರೆ. ನಾನು ಹೇಳಬೇಕೆಂದಿರುವ ಉತ್ತರ ಒಂದಿದೆ. ಅದು ನಿಮ್ಮದೂ ಆಗಿದ್ದರೆ ರಿಜಿಸ್ಟರ್ ಆಫೀಸಿಗೆ ಹೋಗಿ ಬರೋಣ. ನನ್ನ ಹೆಂಡತಿ ತೀರಿ ಆರು ವರ್ಷವಾಯಿತು, ನೀವು ಅದಕ್ಕೂ ಮೊದಲಿನಿಂದ ಒಬ್ಬರೇ. ನಿಮ್ಮ ಅಣ್ಣನನ್ನು ಕೇಳಬೇಕಾಗುತ್ತದೆ, ಅದು ನನಗೆ ಗೊತ್ತಿದೆ.

ನಿಧಾನಕ್ಕೆ ಬರೆಯಿರಿ.

ಭೀಮರಾಜ


ಕೊಟ್ಟೂರು
24 ಜುಲೈ 2024

ಭೀಮಣ್ಣ,

ನಿಧಾನಕ್ಕೆ ಬರೆದರಾಯಿತು ಅಂದುಕೊಂಡಿದ್ದೆ, ಆದರೆ ಹದಿಮೂರನೆಯ ಕಂತು ನೋಡಿ ತಡೆಯಲು ಆಗಲಿಲ್ಲ.

ಹುಡುಗಿ ಅವನ ಮುಂದೆ ನಿಂತು ಅಳುತ್ತಾಳೆ. ಆ ತಣ್ಣನೆಯ ಕೋಣೆ ಇದೆಯಲ್ಲ, ಮಾಂಸ ಇಡುವಂಥದ್ದು, ಅಲ್ಲಿ. ಬಾಯಿಂದ ಹೊಗೆ ಬರುತ್ತದೆ. ಅವಳ ಮಾತಿನಲ್ಲಿ ನನಗೆ ಒಂದು ಮಾತು ತಿಳಿಯಿತು ನೋಡು. ಒಪ್ಪ ಅನ್ನುತ್ತಾಳೆ. ಸ್ಪಷ್ಟವಾಗಿ. ನಮ್ಮವ್ವ ನನ್ನನ್ನು ಹೈಸ್ಕೂಲಿಗೆ ಕಳಿಸುವ ಮಾತು ಬಂದಾಗಲೆಲ್ಲ "ನಿಮ್ಮಪ್ಪ ಒಪ್ಪ" ಅಂತಿದ್ದಳು, ಹಾಗೆಯೇ. ಮೊದಮೊದಲು ನನ್ನ ಕಿವಿಯ ದೋಷ ಅಂದುಕೊಂಡೆ. ಆದರೆ ಹಿಂದಿನ ಕಂತಿನಲ್ಲೂ ಇದೆ, ಅದರ ಹಿಂದಿನದರಲ್ಲೂ ಇದೆ. ಅಪ್ಪನಿಗೆ ಅವರೂ ಅಪ್ಪ ಅಂತಲೇ ಅನ್ನುತ್ತಾರೆ, ಅದನ್ನು ಮುಂಚೆಯೇ ಹಿಡಿದಿದ್ದೆ. ಹಾಗಾದರೆ ಒಪ್ಪ ಅಂದರೂ ನಮ್ಮ ಒಪ್ಪವೇ ಇರಬೇಕು.

ಯಾರು ಒಪ್ಪುವುದಿಲ್ಲವೋ ತಿಳಿಯದು. ಅವಳ ಮನೆಯವರೇ ಇರಬೇಕು. ಪಾಪ, ಎಷ್ಟು ಸಲ ಹೇಳಿದಳು. ಒಪ್ಪ, ಒಪ್ಪ, ಅಂತ. ಇಂಥದ್ದಕ್ಕೆ ಯಾವ ಮನೆಯಲ್ಲಿ ತಾನೇ ಒಪ್ಪುತ್ತಾರೆ ಭೀಮಣ್ಣ? ಎಲ್ಲಿಯ ಪಾತ್ರೆ ತೊಳೆಯುವವಳು, ಎಲ್ಲಿಯ ಮೇಸ್ತ್ರಿ. ಸುಮ್ಮನೆ ಆಸೆ ಇಟ್ಟುಕೊಳ್ಳುವುದು, ಆಮೇಲೆ ಅಳುವುದು. ಅವನಾದರೂ ಅರ್ಥ ಮಾಡಿಕೊಂಡು ದೂರ ಹೋಗಬೇಕಿತ್ತು. ಹೋಗುವುದಿಲ್ಲ, ಎದುರಿಗೇ ನಿಂತಿರುತ್ತಾನೆ.

ಟಪಾಲಿನವನು ಬರುವ ಹೊತ್ತಾಯಿತು, ಅವನ ಕೈಯಲ್ಲೇ ಕೊಡುತ್ತೇನೆ.

ಗಂಗಾಂಬಿಕಾ


ಹರಪನಹಳ್ಳಿ
30 ಜುಲೈ 2024

ಗಂಗಾಂಬಿಕಾ ಅವರಿಗೆ,

ನಿಮ್ಮ ಉತ್ತರ ಬಂತು. ಇಷ್ಟು ಬೇಗ ಬರುತ್ತದೆ ಅಂದುಕೊಂಡಿರಲಿಲ್ಲ. ಧಾರಾವಾಹಿಯ ಮೇಲೆ ಹಾಕಿ ಹೇಳಿದಿರಿ, ಅದು ನಿಮ್ಮ ದೊಡ್ಡತನ. ನೇರವಾಗಿ ಬರೆದಿದ್ದರೂ ನಾನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ನಿಮ್ಮ ಅಣ್ಣ ಒಪ್ಪುವುದಿಲ್ಲ ಅನ್ನುವುದು ನನಗೆ ಆಶ್ಚರ್ಯವಲ್ಲ. ಆದರೂ ಕೇಳಿದೆ. ದೂರ ಹೋಗಬೇಕು ಅಂದಿರಿ, ಆಗಲಿ. ಇನ್ನು ಆ ಮಾತು ಎತ್ತುವುದಿಲ್ಲ.

ನಾಗೇಂದ್ರಪ್ಪನವರಿಗೆ ಮಳಿಗೆ ಬೇಡ ಅಂತ ಹೇಳುತ್ತೇನೆ.

ಭೀಮರಾಜ


ಕೊಟ್ಟೂರು
14 ಆಗಸ್ಟ್ 2024

ಭೀಮಣ್ಣ,

ನಿನ್ನ ಎರಡೂ ಪತ್ರ ಬಂದವು.

ಶ್ರಾವಣ ಬಂದಿದೆ. ಸೋಮವಾರ ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲ. ಟಿ.ವಿ.ಯನ್ನು ಗಿರಾಕಿಗಳಿಗೆ ಕಾಣುವ ಹಾಗೆ ಹೊರಗೆ ಹಾಕಿದ್ದಾರೆ, ಭಕ್ತಿಗೀತೆ ಹಚ್ಚುತ್ತಾರೆ. ಪೆನ್‌ಡ್ರೈವು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ಮೈ ಹುಷಾರು. ಮಳೆ ಪರವಾಗಿಲ್ಲ.

ಗಂಗಾಂಬಿಕಾ


ಹರಪನಹಳ್ಳಿ
29 ಸೆಪ್ಟೆಂಬರ್ 2024

ಗಂಗಕ್ಕ,

ಒಂದೂವರೆ ತಿಂಗಳಾಯಿತು. ಮತ್ತೆ ಬರೆಯಬಾರದು ಅಂತಿದ್ದೆ. ಆದರೆ ಒಂದು ತಪ್ಪು ಆಗಿದೆ, ಅದನ್ನು ಹೇಳದೆ ಇರಲು ಆಗುತ್ತಿಲ್ಲ.

ಕ್ರಾಂತಿ ರಜೆಗೆ ಬಂದಿದ್ದಳು. ಅವಳಿಗೆ ದಾವಣಗೆರೆಯ ಒಂದು ಲ್ಯಾಬಿನಲ್ಲಿ ಕೆಲಸ ಆಗಿದೆ. ನಿಮ್ಮ ಕೊರಿಯಾದ ಹುಡುಗಿ ಎಲ್ಲಿಗೆ ಬಂದಳು ಅಂತ ಕೇಳಿದಳು. ಅವರ ಮನೆಯಲ್ಲಿ ಒಪ್ಪಲಿಲ್ಲವಂತೆ ಅಂದೆ. ಯಾರು ಹೇಳಿದರು ಅಂತ ಕೇಳಿದಳು. ನಾನು ನಿಮ್ಮ ಜುಲೈ ಪತ್ರದ ಆ ಪುಟ ತೋರಿಸಿದೆ. ಕ್ಷಮಿಸಿ, ಆ ಪುಟ ಒಂದನ್ನೇ ತೋರಿಸಿದ್ದು.

ಅವಳು ಓದಿ ಗೋಡೆಗೆ ಒರಗಿ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. ಆಮೇಲೆ ನನಗೆ ತಿಳಿಯಲಿ ಅಂತ ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು: "ಮಾವ, ಒಪ್ಪ ಅಂದ್ರ ಅಣ್ಣ. ಅಲ್ಲೆ ಹುಡುಗ್ಯಾರು ತಮ್ಮ ಅಣ್ಣಗೂ ಹಂಗಾ ಅಂತಾರ, ಪ್ರೀತಿ ಮಾಡಿದಂವಗೂ ಹಂಗಾ ಅಂತಾರ." ನಾನು ಓದುವ ಇಂಗ್ಲಿಷ್ ಅಕ್ಷರದಲ್ಲಿ ಆ ಮಾತು ಇರುವುದೇ ಇಲ್ಲ. ಆ ಹುಡುಗಿ ಒಪ್ಪ ಅಂದಲ್ಲೆಲ್ಲ ಅಲ್ಲಿ ಅವನ ಹೆಸರು ಹಾಕಿರುತ್ತಾರೆ. ಅಂದರೆ ಅವಳು ಯಾರೋ ಒಪ್ಪುವುದಿಲ್ಲ ಅಂತ ಅಳುತ್ತಿರಲಿಲ್ಲ. ಅವನನ್ನು ಕರೆಯುತ್ತಿದ್ದಳು, ಅಷ್ಟೇ.

ಆಮೇಲೆ ನಿಮ್ಮ ಪತ್ರದ ತಾರೀಖು ನೋಡಿದೆ. 24. ನನ್ನದು 21ನೇ ತಾರೀಖಿನದು, ಅದೂ ಭಾನುವಾರ ಡಬ್ಬಿಗೆ ಹಾಕಿದ್ದು. ನನ್ನ ಪತ್ರ ತಲುಪುವ ಮೊದಲೇ ನಿಮ್ಮದು ಹೊರಟಿರಬೇಕು. ನೀವು ನನಗೆ ಉತ್ತರ ಕೊಟ್ಟೇ ಇಲ್ಲ. ಧಾರಾವಾಹಿಯ ಮಾತನ್ನು ನಾನು ಮೈಮೇಲೆ ಹಾಕಿಕೊಂಡೆ.

ನನ್ನದು ಇನ್ನೂ ಒಂದು ಇದೆ. ಸಿಡುಕಪ್ಪ ಸಿಡುಕುವುದಕ್ಕೆ ಗುರು ಕಾರಣ ಅಂತ ಬರೆದಿದ್ದೆ. ಅದು ಸುಳ್ಳು, ಗುರು ಅಂತ ಯಾರೂ ಇಲ್ಲ ಅದರಲ್ಲಿ. ಅವನಿಗೆ ಜ್ವರ ಬಂದು ಮೂಗು ಹೋಗಿದೆ. ವಾಸನೆ ತಿಳಿಯುವುದಿಲ್ಲ. ಅದು ಯಾರಿಗಾದರೂ ಗೊತ್ತಾದರೆ ಕೆಲಸ ಹೋಗುತ್ತದೆ ಅಂತ ಬೈದು ಎಲ್ಲರನ್ನೂ ದೂರ ಇಡುತ್ತಾನೆ. ಆ ಚಮಚವನ್ನು ಹುಡುಗಿಯ ಬಾಯಿಗೆ ಹಿಡಿದದ್ದು ಪ್ರೀತಿಗಲ್ಲ, ಅವಳ ಮೂಗು ಬಾಯಿ ಅವನಿಗೆ ಬೇಕಿತ್ತು. ಪ್ರೀತಿ ಆಮೇಲೆ ಬಂತು.

ಅದನ್ನು ನಿಮಗೆ ಬರೆಯಲು ಆಗಲಿಲ್ಲ. ಯಾಕೆಂದರೆ ಜೂನ್ ತಿಂಗಳಲ್ಲೇ ದಾವಣಗೆರೆಯ ಡಾಕ್ಟರು ನನ್ನ ಬಲಗಿವಿಯೂ ಹೋಗುತ್ತಿದೆ ಅಂದಿದ್ದರು. ಆಗಸ್ಟಿನಲ್ಲಿ ಹಾಸ್ಟೆಲ್ಲಿನ ದೊಡ್ಡ ಕುಕ್ಕರ್ ಸೀಟಿ ಹೊಡೆದು ಹೊಡೆದು, ಒಳಗಿನ ಬೇಳೆ ಹತ್ತಿ ಹೊಗೆ ಎದ್ದಿತು. ನಾನು ಅದಕ್ಕೆ ಬೆನ್ನು ಕೊಟ್ಟು ಬದನೆಕಾಯಿ ಹೆಚ್ಚುತ್ತಿದ್ದೆ. ವಾರ್ಡನ್ ಓಡಿ ಬಂದು ಗ್ಯಾಸು ಆರಿಸಿದರು. ಬೈಯಲಿಲ್ಲ. ಮರುದಿನದಿಂದ ನನ್ನನ್ನು ಉಗ್ರಾಣಕ್ಕೆ ಹಾಕಿದ್ದಾರೆ. ಅಕ್ಕಿ ಆರಿಸುತ್ತೇನೆ.

ಆದ್ದರಿಂದ ಜುಲೈಯಲ್ಲಿ ನಿಮ್ಮನ್ನು ಕರೆದಾಗ ನನಗೆ ಕಿವಿ ಬೇಕಾಗಿತ್ತು. ಅದು ನಿಜ. ಅದೊಂದೇ ಅಲ್ಲ, ಅದೂ ನಿಜ. ಎರಡನ್ನೂ ಬೇರೆ ಮಾಡಿ ತೋರಿಸಲು ನನಗೆ ಬರುವುದಿಲ್ಲ.

ನಾಗೇಂದ್ರಪ್ಪನವರು ಮಳಿಗೆಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಇದನ್ನು ಸುಮ್ಮನೆ ತಿಳಿಸಿದ್ದು.

ಭೀಮರಾಜ


ಕೊಟ್ಟೂರು
15 ಅಕ್ಟೋಬರ್ 2024

ಮೇಲೆ ಏನಂತ ಬರೆಯಬೇಕು ತಿಳಿಯದೆ ಬಿಟ್ಟಿದ್ದೇನೆ. ಹನ್ನೊಂದು ವರ್ಷ ಭೀಮಣ್ಣ ಅಂದೆ. ಈಗ ಅದನ್ನು ಬರೆದರೆ ಕ್ರಾಂತಿ ಎಲ್ಲೋ ನಿಂತು ನಗುತ್ತಾಳೆ ಅನ್ನಿಸುತ್ತದೆ.

ನಿನ್ನ ತಪ್ಪು ನೀನು ಹೇಳಿದೆ. ನನ್ನದು ಅದಕ್ಕಿಂತ ದೊಡ್ಡದು. ನಿನ್ನ 21ನೇ ತಾರೀಖಿನ ಪತ್ರ ನನಗೆ 25ಕ್ಕೆ ಸಿಕ್ಕಿತು, ನನ್ನದು ಹೊರಟ ಮರುದಿನ. ಆಮೇಲೆ ನಿನ್ನ 30ರ ಪತ್ರ ಬಂತು. ಓದಿದ ತಕ್ಷಣ ತಿಳಿಯಿತು, ನೀನು ತಪ್ಪು ತಿಳಿದಿದ್ದೀಯ ಅಂತ. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಮಳೆ ಪರವಾಗಿಲ್ಲ ಅಂತ ಬರೆದೆ.

ಯಾಕೆ ಅಂದರೆ ಅದು ನನಗೆ ಅನುಕೂಲವಾಗಿತ್ತು. ಅಣ್ಣನನ್ನು ಕೇಳುವ ಕೆಲಸ ತಪ್ಪಿತು. ನಾನು ಕೇಳಲೂ ಇಲ್ಲ, ಅವನು ಬೇಡ ಅನ್ನಲೂ ಇಲ್ಲ, ಆದರೂ ಅವನು ಒಪ್ಪಲಿಲ್ಲ ಅಂತ ಆಗಿಹೋಯಿತು. ಯಾರ ಮೇಲೂ ಹೊರೆ ಇಲ್ಲ. ಎರಡು ತಿಂಗಳು ಹಾಗೇ ಇದ್ದೆ. ರೊಟ್ಟಿ ಬಡಿಯುವಾಗ ಏನೂ ನೆನಪಾಗದ ಹಾಗೆ ಜೋರಾಗಿ ಬಡಿಯುತ್ತಿದ್ದೆ.

ನಿನ್ನ ಕೊನೆಯ ಪತ್ರ ಓದಿ ಸಿಟ್ಟು ಬಂತು. ಕಿವಿ ಬೇಕಿತ್ತಂತೆ. ಇವನಿಗೂ ನಾನು ಬೇಕಾದದ್ದು ಕೆಲಸಕ್ಕೇ ಅಂದುಕೊಂಡೆ. ಎರಡು ದಿನ ನಿನ್ನ ಹೆಸರು ಮನಸ್ಸಿಗೂ ತರಲಿಲ್ಲ. ಮೂರನೆಯ ದಿನ ಹಂಚಿನ ಮುಂದೆ ಕೂತು ಯೋಚಿಸಿದೆ. ಅಣ್ಣನಿಗೆ ಬೇಕಾದದ್ದು ಕೈ. ಗಂಡ ತೀರಿದ ಮೇಲಿನ ಇಪ್ಪತ್ತೊಂದು ವರ್ಷದಲ್ಲಿ ಶಾಲೆಯ ಹನ್ನೊಂದು ಬಿಟ್ಟರೆ ಉಳಿದದ್ದೆಲ್ಲ ಈ ಕೈ ಅವನದೇ. ರಜೆಗೆ ಬಂದಾಗಲೂ ಅವನದೇ. ಬೇಕು ಅಂತ ಒಂದು ದಿನ ಬಾಯಿಬಿಟ್ಟು ಕೇಳಿದವನಲ್ಲ. ನೀನು ನಾಚಿಕೊಂಡಾದರೂ ಹೇಳಿದೆ.

ದಸರೆ ಆಗಲಿ ಅಂತ ಕಾದೆ. ಮೊನ್ನೆ ಭಾನುವಾರ, ಮಧ್ಯಾಹ್ನದ ಊಟದವರೆಲ್ಲ ಹೋಗಿದ್ದರು. ಅಣ್ಣ ಗಲ್ಲೆಯ ಹತ್ತಿರ ಕೂತು ಎಲೆ ಹಾಕಿಕೊಳ್ಳುತ್ತಿದ್ದ. ಎದುರಿಗೆ ಹೋಗಿ ಕೂತು ಎಲ್ಲ ಹೇಳಿದೆ. ನಿನ್ನ ಹೆಸರು, ಮಳಿಗೆ, ರಿಜಿಸ್ಟರ್ ಆಫೀಸು. ಕಿವಿಯ ವಿಷಯವನ್ನೂ ಹೇಳಿದೆ. ಕೋಮಲಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

ಅಣ್ಣ ಬಹಳ ಹೊತ್ತು ಸುಣ್ಣ ಹಚ್ಚಿದ. ಆಮೇಲೆ ಕೇಳಿದ.

"ಯಾವ ಮಂದಿ ಅಂತ ಗೊತ್ತೈತಿಲ್ಲ ನಿಂಗ?"

"ಗೊತ್ತೈತಿ. ಹನ್ನೊಂದು ವರ್ಷ ಅವನ ಕೈ ಸಾರು ಉಂಡೀನಿ."

"ಉಂಡರ ಉಂಡಿ. ಯಾರಿಗರ ಹೇಳಿದ್ದೇನು?"

"ನೀ ಕೇಳಿದ್ದಿಲ್ಲ."

ಕೋಮಲಾ ಬಾಗಿಲಿನಿಂದ, "ನಲವತ್ತನಾಲ್ಕಕ್ಕ ಇದೊಂದು ಬಾಕಿ ಉಳಿದಿತ್ತು ನೋಡು ತಾಯಿ, ನಮ್ಮ ಅಂಗಡ್ಯಾಗ ನಾಳಿ ಯಾರು ಉಣ್ಣಾಕ ಬರ್ತಾರ" ಅಂದಳು. ಅಣ್ಣ ಅವಳಿಗೆ ಸುಮ್ಮನಿರು ಅಂತ ಕೈ ಮಾಡಿದ. ಅವನು ಬೈಯಲಿ ಅಂತ ನಾನು ಕಾಯುತ್ತಿದ್ದೆ. ಬೈದರೆ ಏನೇನು ಉತ್ತರ ಕೊಡಬೇಕು ಅಂತ ಮೂರು ದಿನದಿಂದ ಜೋಡಿಸಿಕೊಂಡಿದ್ದೆ. ಅಥವಾ ಅತ್ತಿದ್ದರೆ ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆನೋ ಏನೋ. ಎರಡೂ ಮಾಡಲಿಲ್ಲ. ಎಲೆಯನ್ನು ಮಡಚಿ ದವಡೆಗೆ ಇಟ್ಟುಕೊಂಡು ಗೋಡೆಯ ಕ್ಯಾಲೆಂಡರ್ ನೋಡಿದ.

"ಅಲ್ಲಾ, ನಾಳಿ ಸೋಮಾರ. ರೊಟ್ಟಿ ಯಾರು ಬಡೀತಾರ?"

ಅಷ್ಟೇ ಕೇಳಿದ. ಒಪ್ಪುತ್ತೇನೆ ಅನ್ನಲಿಲ್ಲ, ಒಪ್ಪುವುದಿಲ್ಲ ಅನ್ನಲಿಲ್ಲ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಖಾನಾವಳಿ ನಡೆಸುವವನು ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ನಾನು ಇಪ್ಪತ್ತು ವರ್ಷ ಹೆದರಿದ್ದು ಈ ಪ್ರಶ್ನೆಗೇ ಅಂತ ಆಗ ತಿಳಿಯಿತು. ನಾಳೆ ನಾನೇ ಬಡಿಯುತ್ತೇನೆ, ದೀಪಾವಳಿಯವರೆಗೂ ಬಡಿಯುತ್ತೇನೆ, ಅಷ್ಟರಲ್ಲಿ ಯಾರನ್ನಾದರೂ ನೋಡಿಕೋ ಅಂದೆ. ಹ್ಞೂಂ ಅಂದ. ನಿನ್ನೆಯಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ, ಆದರೆ ಮಾಳಮ್ಮ ಅಂತ ಒಬ್ಬಳನ್ನು ಕೂಡ್ಲಿಗಿಯಿಂದ ಕರೆಸುತ್ತಿದ್ದಾನೆ. ಚುರುಕು ಕೈಯಂತೆ.

ಆ ಧಾರಾವಾಹಿಯನ್ನು ನಿನ್ನ ಸಹಾಯವಿಲ್ಲದೆ ಕೊನೆಯವರೆಗೂ ನೋಡಿದೆ. ಮದುವೆ ತೋರಿಸುವುದಿಲ್ಲ. ಇಬ್ಬರೂ ಹೋಟೆಲ್ಲು ಮುಚ್ಚಿ ಒಲೆ ಒರೆಸುತ್ತಾರೆ, ದಣಿದಿರುತ್ತಾರೆ, ಮಾತೇ ಇರುವುದಿಲ್ಲ. ನೀನು ಕೇಳದಿದ್ದರೂ ನಡೆಯುವಂಥ ಕೊನೆ ಅದು.

ದೀಪಾವಳಿಯ ನಂತರ ಏನು ಅಂತ ನಾನು ಅಣ್ಣನಿಗೆ ಹೇಳಿಲ್ಲ. ನಿನಗೂ ಈಗ ಹೇಳುತ್ತಿಲ್ಲ. ಅಣ್ಣ ಬಿಟ್ಟದ್ದು ಬೇರೆ, ನಾನು ಹೊರಡುವುದು ಬೇರೆ. ನಿನ್ನ ಕಿವಿಯಾಗಿ ಬರಲು ನನಗೆ ಮನಸ್ಸಿಲ್ಲ. ಬೇರೆ ಏನಾಗಿ ಬರಬೇಕು ಅಂತ ನಿನಗೆ ತೋಚಿದರೆ ಬರಿ.

ಕವರಿನ ಮೇಲೆ ಇನ್ನು ನಿನ್ನ ಹೆಸರನ್ನೇ ಬರೆಯಬಹುದು.

ಗಂಗಾಂಬಿಕಾ


ಹರಪನಹಳ್ಳಿ
21 ಅಕ್ಟೋಬರ್ 2024

ಗಂಗಾ,

ಏನಾಗಿ ಬರಬೇಕು ಅಂತ ಮೂರು ದಿನ ಯೋಚಿಸಿದೆ. ಒಳ್ಳೆಯ ಮಾತು ಯಾವುದೂ ಬರಲಿಲ್ಲ. ಬಂದದ್ದು ಇದು.

ಹಾಸ್ಟೆಲ್ಲಿನ ಕೆಲಸ ಬಿಟ್ಟೆ. ನೀನು ಬಂದರೂ ಬಾರದಿದ್ದರೂ ಮಳಿಗೆ ತೆಗೆದುಕೊಳ್ಳುತ್ತೇನೆ ಅಂತ ನಾಗೇಂದ್ರಪ್ಪನವರಿಗೆ ಹೇಳಿಯಾಯಿತು. ಕುಕ್ಕರ್ ಬೇಡ, ತೆರೆದ ಪಾತ್ರೆಯಲ್ಲೇ ಬೇಯಿಸುತ್ತೇನೆ. ಕುದಿಯುವುದು ಕಣ್ಣಿಗೆ ಕಾಣುತ್ತದೆ. ಗಿರಾಕಿಗಳಿಗೆ ಏನು ಬೇಕು ಅಂತ ಬರೆದು ತೋರಿಸಲು ಒಂದು ಪಾಟಿ ನೇತು ಹಾಕುತ್ತೇನೆ. ಓದು ಬರದವರು ಬೆರಳು ತೋರಿಸಲಿ. ಕಿವಿಯ ಕೆಲಸ ಹೀಗೆ ನಡೆದುಹೋಗುತ್ತದೆ. ಆದ್ದರಿಂದ ಆ ಕೆಲಸಕ್ಕೆ ನೀನು ಬೇಡ.

ಇನ್ನು ಉಳಿದದ್ದು. ಗೌಂಡಿ ಬಂಗಾರಪ್ಪ ಒಲೆಯ ಕಟ್ಟೆ ಕಟ್ಟಲು ಬಂದು ಇಟ್ಟಿಗೆ ಇಳಿಸಿದ್ದಾನೆ. ಮಳಿಗೆ ಇಕ್ಕಟ್ಟು, ಒಂದೇ ಕಟ್ಟೆ ಹಿಡಿಯುತ್ತದೆ. ಕಲ್ಲು ಹಾಸಿದರೆ ಮತ್ತೆ ಎತ್ತರಿಸಲು ಇಳಿಸಲು ಆಗುವುದಿಲ್ಲ. ಯಾರ ಎತ್ತರಕ್ಕೆ ಕಟ್ಟಲಿ ಅಂತ ಬಂದಾಗಿನಿಂದ ಕೇಳುತ್ತಿದ್ದಾನೆ. ನನಗೆ ಕೇಳಿಸುವುದಿಲ್ಲ ಅಂತ ಗೋಡೆಯ ಮೇಲೆ ಇದ್ದಿಲಿನಿಂದ ಎರಡು ಗೆರೆ ಹಾಕಿ ತೋರಿಸಿದ, ಒಂದು ಮೇಲೆ, ಒಂದು ಕೆಳಗೆ. ಒಂದು ವಾರ ತಡಿ ಅಂದಿದ್ದೇನೆ.

ಬರುವುದಿಲ್ಲ ಅಂತಿದ್ದರೂ ಬರಿ. ಅವನು ನನ್ನ ಎತ್ತರಕ್ಕೆ ಕಟ್ಟಿ ಹೋಗುತ್ತಾನೆ.

ಭೀಮರಾಜ


ಕೊಟ್ಟೂರು
24 ಅಕ್ಟೋಬರ್ 2024

ಭೀಮರಾಜ,

ಪತ್ರವನ್ನು ಕೋಮಲಾಳೇ ತಂದುಕೊಟ್ಟಳು. ಕವರಿನ ಮೇಲಿನ ಹೆಸರು ಓದಿ, ಹಂಚಿನ ಪಕ್ಕ ಇಟ್ಟು ಹೋದಳು.

ಇಲ್ಲಿ ನಾನು ನೆಲದ ಮೇಲೆ ಕೂತು ಬಡಿಯುತ್ತೇನೆ. ಅಲ್ಲಿ ನಿಂತು ಬಡಿಯಬೇಕು ಅಂತ ಆಸೆ. ಅಳತೆಯ ಪಟ್ಟಿ ಮನೆಯಲ್ಲಿ ಇರಲಿಲ್ಲ. ಹೂ ಕಟ್ಟುವ ದಾರ ತೆಗೆದುಕೊಂಡು, ಚಪ್ಪಲಿ ಬಿಟ್ಟು ನೆಟ್ಟಗೆ ನಿಂತು, ನೆಲದಿಂದ ನನ್ನ ಟೊಂಕದವರೆಗೆ ಹಿಡಿದು ಕತ್ತರಿಸಿದ್ದೇನೆ. ಈ ಕವರಿನೊಳಗೆ ಇದೆ. ಗಂಟು ಹಾಕಿದ ತುದಿ ನೆಲಕ್ಕೆ. ಬಂಗಾರಪ್ಪನಿಗೆ ಇದನ್ನೇ ಕೊಡು, ಒಂದು ಬೆರಳು ಹೆಚ್ಚಾಗುವುದೂ ಬೇಡ, ಕಡಿಮೆಯಾಗುವುದೂ ಬೇಡ.

ನೀನು ಸ್ವಲ್ಪ ಬಗ್ಗಬೇಕಾದೀತು.

ಗಂಗಾ